ಹೊಸ ವಾರ್ಡರ್‌ಗಳಿಗೆ ಗಾಯದ ಕಾನೂನು ಕಲಿಸಿದ ಬಗೆ: ನನ್ನ ಅನುಭವ

ಕಾರಾಗೃಹ ಸೇವೆಗೆ ಹೊಸದಾಗಿ ಸೇರಿದ ವಾರ್ಡರ್‌ಗಳಿಗೆ ಪಾಠ ಮಾಡುವಾಗ ಗಾಯದ ತೀವ್ರತೆಯ ವಿಷಯವನ್ನು ನಾನು ಕಲಂಗಳಿಂದ ಆರಂಭಿಸುತ್ತಿರಲಿಲ್ಲ. ಇಬ್ಬರು ಬಂದಿಗಳನ್ನು ಊಹಿಸಿಕೊಳ್ಳಿ ಎನ್ನುತ್ತಿದ್ದೆ: ಒಬ್ಬನ ನೆತ್ತಿಯ ಚರ್ಮ ಸೀಳಿ ಅಂಗಿಯೆಲ್ಲ ರಕ್ತವಾಗಿದೆ, ಮೂಳೆಗೆ ಏನೂ ಆಗಿಲ್ಲ, ಇನ್ನೊಬ್ಬನ ಒಂದು ಹಲ್ಲು ಮುರಿದಿದೆ, ಅಷ್ಟೆ. ಯಾರದು ತೀವ್ರ ಗಾಯ ಎಂದರೆ ಹೆಚ್ಚಿನವರು ಮೊದಲನೆಯವನನ್ನೇ ಹೇಳುತ್ತಿದ್ದರು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಹಲ್ಲಿನ ಮುರಿತ ತೀವ್ರ ಗಾಯ. ನೆತ್ತಿಯ ಸೀಳು ಆ ಕಲಮಿನ ಬೇರೆ ಯಾವ ಬಗೆಗೂ ಸೇರದಿದ್ದರೆ ಸಾದಾ ಗಾಯ. ಸಾದಾ ಗಾಯಕ್ಕೆ 1 ವರ್ಷದವರೆಗೆ, ತೀವ್ರ ಗಾಯಕ್ಕೆ 7 ವರ್ಷದವರೆಗೆ ಶಿಕ್ಷೆ ಎಂದಾಗ ವ್ಯತ್ಯಾಸ ಮನಸ್ಸಿಗೆ ನಾಟುತ್ತಿತ್ತು.

ಕಣ್ಣು, ಕಿವಿ, ಅಂಗ, ಕೀಲುಗಳ ಶಾಶ್ವತ ನಷ್ಟ, ಮುಖದ ಶಾಶ್ವತ ವಿರೂಪ, ಮೂಳೆಮುರಿತ ಮುಂತಾದವನ್ನು ಅವರು ಬೇಗ ಗ್ರಹಿಸುತ್ತಿದ್ದರು. ನಾನು ಹೆಚ್ಚು ಸಮಯ ಕೊಟ್ಟದ್ದು ಎಂಟನೆಯ ಬಗೆಗೆ: ಜೀವಕ್ಕೆ ಅಪಾಯ ತಂದ ಗಾಯ, ಇಲ್ಲವೇ 15 ದಿನ ತೀವ್ರ ನೋವನ್ನುಂಟುಮಾಡಿದ ಅಥವಾ ನಿತ್ಯದ ಕೆಲಸಗಳನ್ನು ಮಾಡಲಾಗದಂತೆ ಮಾಡಿದ ಗಾಯ. ಈ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ದಂಡ ಸಂಹಿತೆಯ 20 ದಿನಗಳ ಅಳತೆಯೇ ಅನ್ವಯಿಸುತ್ತದೆ. ಬರೀ ಆಸ್ಪತ್ರೆಯಲ್ಲಿ ಮಲಗಿದ್ದರೆ ಸಾಲದು. ನೋವು ಅಥವಾ ಅಸಾಮರ್ಥ್ಯ ಅಷ್ಟು ದಿನವೂ ಇತ್ತೆಂದು ಸಾಬೀತಾಗಬೇಕು. ವೈದ್ಯರು ಬಂದಿಯನ್ನು ನೋಡುವುದು ಸ್ವಲ್ಪ ಹೊತ್ತು, ಬ್ಯಾರಕ್ಕಿನ ವಾರ್ಡರ್ ನೋಡುವುದು ದಿನವಿಡೀ. ಆದ್ದರಿಂದ ರಿಜಿಸ್ಟರಿನಲ್ಲಿ 'ಚಿಕಿತ್ಸೆ ಮುಂದುವರಿದಿದೆ' ಎಂದು ದಿನವೂ ಬರೆಯುವುದನ್ನು ನಾನು ಒಪ್ಪುತ್ತಿರಲಿಲ್ಲ. 'ಬಲಗೈಯಲ್ಲಿ ತಟ್ಟೆ ಹಿಡಿಯಲಾಗಲಿಲ್ಲ, ಪಕ್ಕದವನು ಉಣಿಸಿದ, ಸ್ನಾನಕ್ಕೆ ಇಬ್ಬರು ಹಿಡಿದುಕೊಂಡು ಹೋದರು' ಎಂಬಂತೆ ಕಣ್ಣಾರೆ ಕಂಡದ್ದನ್ನು ವೇಳೆ ಸಹಿತ ಬರೆಸುತ್ತಿದ್ದೆ. 'ಸಾದಾ', 'ತೀವ್ರ' ಎಂಬ ಪದಗಳನ್ನು ಮಾತ್ರ ಅವರು ಬಳಸಕೂಡದು. ಅಭಿಪ್ರಾಯ ವೈದ್ಯರದು, ತೀರ್ಮಾನ ನ್ಯಾಯಾಲಯದ್ದು.

ಇನ್ನೊಂದು ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟಾಗಿದ್ದೆ. 114ನೇ ಕಲಮಿನಂತೆ ದೈಹಿಕ ನೋವು, ರೋಗ, ದೌರ್ಬಲ್ಯ ಇವುಗಳಲ್ಲಿ ಯಾವುದನ್ನು ಉಂಟುಮಾಡಿದರೂ ಅಪರಾಧವಾಗಬಹುದು. ಮೈಮೇಲೆ ಗುರುತು ಇರಲೇಬೇಕೆಂದಿಲ್ಲ. ಹಾಗಾಗಿ ಬಂದಿ ನೋವೆಂದು ಹೇಳಿದಾಗ 'ಗಾಯವಿಲ್ಲ' ಎಂದು ಬರೆದು ಮುಗಿಸದೆ, ಅವನು ಹೇಳಿದ ಮಾತನ್ನೇ ದಾಖಲಿಸಿ ವೈದ್ಯರ ಬಳಿಗೆ ಕಳುಹಿಸಬೇಕು. ಪೆಟ್ಟು ಬಿದ್ದದ್ದು ನಮ್ಮ ಸಿಬ್ಬಂದಿಯ ಲಾಠಿಯಿಂದ ಎಂದು ಅವನು ಹೇಳಿದ್ದರೆ ಅದನ್ನೂ ಹಾಗೆಯೇ ಬರೆಯಬೇಕು.