ಬಂಡಿದಾರಿಗೆ ಅಡ್ಡ ನಿಂತ ಗೋಡೆ

ಹೊಸೂರಿನ ಬಾಗಲೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮ ಬಡಾವಣೆ. ಪಕ್ಕದ ಬಡಾವಣೆಯ ಅಂಗಡಿಯಲ್ಲಿ ಬಜ್ಜಿ ಕರಿದರೆ ವಾಸನೆ ನಮ್ಮ ಹಿತ್ತಿಲಿಗೆ ಬರುತ್ತದೆ; ಬಜ್ಜಿ ತರುವುದಕ್ಕೆ ಮಾತ್ರ ಬೈಕ್ ತೆಗೆಯಬೇಕು. ನಡುವೆ ಆರಡಿ ಗೋಡೆ.

ನಾನು ಮನೆಗಳ ನಕ್ಷೆ ಬರೆದು ಬದುಕುವವನು. ಒಂದು ಭಾನುವಾರ ಅಳೆದೇ ಬಿಟ್ಟೆ. ನಕ್ಷೆಯಲ್ಲಿ ನೇರ ದೂರ 70 ಮೀಟರ್. ಮೊಬೈಲ್ ಹಿಡಿದು ನಡೆದಾಗ 1,260 ಮೀಟರ್. ಹದಿನೆಂಟು ಪಟ್ಟು!

ರಸ್ತೆಗಳು ಎಷ್ಟು ಹೆಣೆದುಕೊಂಡಿವೆ ಎಂದು ನೋಡಲು ಇನ್ನೊಂದು ಲೆಕ್ಕವೂ ಇದೆ. ರಸ್ತೆ ತುಂಡುಗಳನ್ನು ಎಣಿಸಿ, ಕೂಡುವ ಜಾಗ ಮತ್ತು ಕೊನೆಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಚದುರಂಗದ ಮನೆಗಳಂತಿರುವ ದೊಡ್ಡ ಊರಿನಲ್ಲಿ ಉತ್ತರ 2ರ ಹತ್ತಿರ ಬರುತ್ತದೆ. ನಮ್ಮಲ್ಲಿ 15 ತುಂಡು, 16 ಬಿಂದು. ಒಂದಕ್ಕಿಂತ ಕಡಿಮೆಯಾದರೆ ಅದು ಜಾಲವಲ್ಲ, ಮರ. ಕೊಂಬೆಯಿಂದ ಕೊಂಬೆಗೆ ಹೋಗಲು ಕಾಂಡಕ್ಕೆ ಇಳಿಯಲೇಬೇಕು. ಬೆಳಿಗ್ಗೆ ಬಾಗಲೂರು ರಸ್ತೆ ಕಟ್ಟಿಕೊಳ್ಳುವುದು ಸುಮ್ಮನೆ ಅಲ್ಲ.

ಬೆಂಗಳೂರು ಬರೀ ನಲವತ್ತು ಕಿಲೋಮೀಟರ್. ಒಬ್ಬೊಬ್ಬರ ರಾಗಿ ಹೊಲ ಒಂದೊಂದು ಬಡಾವಣೆಯಾಯಿತು; ಪ್ರತಿಯೊಬ್ಬರೂ ತಮ್ಮ ಸರ್ವೆ ನಂಬರಿನೊಳಗೆ ರಸ್ತೆ ಎಳೆದು ಅಂಚಿಗೆ ಗೋಡೆ ಕಟ್ಟಿದರು. 2019ರಲ್ಲಿ ಊರು ಮಹಾನಗರಪಾಲಿಕೆಯಾಗುವ ಹೊತ್ತಿಗೆ ಗೋಡೆಗಳೂ ಹಳತಾಗಿದ್ದವು.

ದಾರಿ ತೋರಿಸಿದ್ದು ಎದುರುಮನೆಯ ತಾತ. "ಇಲ್ಲೇ ಬಂಡಿ ಹೋಗುತ್ತಿತ್ತು, ಮಗು. ಗುಲಾಬಿ ಬುಟ್ಟಿ ಹೇರಿಕೊಂಡು ನಾನೇ ಹೊಡೆದಿದ್ದೇನೆ" ಎಂದರು. ಎಫ್‌ಎಂಬಿ, ಅಂದರೆ ಸರ್ಕಾರದ ಹಳೆಯ ಹೊಲದ ಅಳತೆಯ ನಕ್ಷೆ, ತೆಗೆಸಿ ನೋಡಿದರೆ ನಿಜ: ಚುಕ್ಕೆಗೆರೆ, ಪಕ್ಕದಲ್ಲಿ ತಮಿಳಿನಲ್ಲಿ 'ವಂಡಿಪಾದೈ', ನಮ್ಮ ಬಂಡಿದಾರಿ. ಅದು ನಮ್ಮ ನಾಲ್ಕನೆಯ ಅಡ್ಡರಸ್ತೆಯ ಕೊನೆಗೇ ಬಂದು ಮುಟ್ಟುತ್ತಿತ್ತು.

ಗೋಡೆ ಒಡೆದು ಆ ದಾರಿ ಬಿಡಿಸಿಕೊಡಿ ಎಂಬ ಅರ್ಜಿಯ ಜೊತೆ ಆ ನಕ್ಷೆ ಇಟ್ಟ ಮೇಲೆ ಕಚೇರಿಯಲ್ಲಿ ತಕರಾರು ಬರಲಿಲ್ಲ. ಬಂದದ್ದು ನಮ್ಮ ಬೀದಿಯವರಿಂದ. ಕಳ್ಳರು ಬರುತ್ತಾರೆ, ಬೈಕುಗಳು ನುಗ್ಗುತ್ತವೆ, ಸೈಟಿನ ಬೆಲೆ ಇಳಿಯುತ್ತದೆ. ಕಳ್ಳರ ಮಾತನ್ನು ನಾನು ಒಪ್ಪಲಿಲ್ಲ. ಬೈಕಿನ ಮಾತು ನ್ಯಾಯವೇ ಆಗಿತ್ತು. ಪೂರ್ತಿ ಅಗಲಕ್ಕೆ ಹಟ ಹಿಡಿಯದೆ, ಮೂರಡಿ ಸಂದಿ, ನಡುವೆ ಒಂದು ಕಲ್ಲುಕಂಬ ಎಂದು ಒಪ್ಪಂದವಾಯಿತು. ಎಂಟು ತಿಂಗಳು ಹಿಡಿಯಿತು.

ಮತ್ತೆ ಲೆಕ್ಕ ಹಾಕಿದೆ. ತುಂಡು, ಬಿಂದುಗಳ ಉತ್ತರ ಹೆಚ್ಚೇನೂ ಏರಲಿಲ್ಲ. ಒಂದು ಸಂದಿಯಿಂದ ಮರ ಜಾಲವಾಗುವುದಿಲ್ಲ. ನಡೆದು ಅಳೆದರೆ 85 ಮೀಟರ್. ಈಗ ಬಜ್ಜಿ ಮನೆಗೆ ಬಿಸಿಯಾಗಿಯೇ ಬರುತ್ತದೆ.