ಉಬ್ಬಸದ ಅಪ್ಪನನ್ನು ಇಂಗ್ಲೆಂಡಿಗೆ ಕರೆಸಿಕೊಳ್ಳುವ ಮುನ್ನ

ಬಳ್ಳಾರಿಯ ಬಿಸಿಲು ತಪ್ಪಿಸಲೆಂದು ಅಪ್ಪ ಅಮ್ಮನನ್ನು ಬೇಸಿಗೆಗೆ ಇಂಗ್ಲೆಂಡಿಗೆ ಕರೆಸಿಕೊಳ್ಳುವುದು ನಮ್ಮ ಕಡೆಯವರಲ್ಲಿ ಈಗ ರೂಢಿಯಾಗಿದೆ. ವೀಸಾ, ಟಿಕೆಟ್, ಸ್ವೆಟರ್ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ನಾನು ಬರೆಯುತ್ತಿರುವುದು ಸಂಡೂರಿನ ಅದಿರಿನ ದೂಳನ್ನೋ, ಹಟ್ಟಿಯ ಗಣಿಯ ದೂಳನ್ನೋ, ಸೌದೆ ಒಲೆಯ ಹೊಗೆಯನ್ನೋ ಆಯುಷ್ಯವಿಡೀ ಕುಡಿದು ಈಗ ಸಿಒಪಿಡಿ (ಉಸಿರುನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ವಾಸಿಯಾಗದ ಶ್ವಾಸಕೋಶದ ಕಾಯಿಲೆ) ಅಂಟಿಸಿಕೊಂಡಿರುವ ಹಿರಿಯರ ಮಕ್ಕಳಿಗೆ.

ಇಂಗ್ಲೆಂಡಿನಲ್ಲಿ ಆಸ್ಪತ್ರೆ ಪುಕ್ಕಟೆ ಎಂಬ ಮಾತು ನಿಮ್ಮ ಮಟ್ಟಿಗೆ ನಿಜ, ನಿಮ್ಮ ಅಪ್ಪನ ಮಟ್ಟಿಗೆ ಅಲ್ಲ. ನಿಮ್ಮಲ್ಲಿ ಹೆಚ್ಚಿನವರು ವೀಸಾ ಪಡೆಯುವಾಗಲೇ ವರ್ಷಕ್ಕೆ 1,035 ಪೌಂಡ್‌ನಂತೆ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ. ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಬರುವವರು ಅದನ್ನು ಕಟ್ಟಿರುವುದಿಲ್ಲ. ಅವರಿಗೆ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆ ಹಾಕುವ ಬಿಲ್ ತನ್ನ ಮಾಮೂಲಿ ದರದ ಒಂದೂವರೆ ಪಟ್ಟು.

ಎಲ್ಲರೂ ಕಾಲು ಜಾರುವುದು ಇಲ್ಲೇ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನೋಡುವುದಕ್ಕೆ ಯಾರಿಗೂ ಹಣವಿಲ್ಲ, ನಿಜ. ಆದರೆ ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಮೀಟರ್ ಓಡಲು ಶುರು. ಅದೇ ಕಟ್ಟಡ, ಅದೇ ಡಾಕ್ಟರ್, ಅದೇ ಮಂಚ. ಯಾರೂ ಬಂದು "ಇನ್ನು ಮುಂದೆ ದುಡ್ಡು" ಎಂದು ಡಂಗುರ ಸಾರುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ದುಡ್ಡಿಗಾಗಿ ಚಿಕಿತ್ಸೆ ನಿಲ್ಲಿಸುವುದಿಲ್ಲ, ಅದು ಅವರ ದೊಡ್ಡ ಗುಣ. ಬಿಲ್ ಮಾತ್ರ ಮನೆಗೆ ಬಂದೇ ಬರುತ್ತದೆ. ಸಾಲ 500 ಪೌಂಡ್ ದಾಟಿ ಎರಡು ತಿಂಗಳಾದರೂ ತೀರದಿದ್ದರೆ ಮಾಹಿತಿ ವಲಸೆ ಇಲಾಖೆಗೆ ಹೋಗುತ್ತದೆ, ಮುಂದಿನ ವೀಸಾಕ್ಕೆ ಕಲ್ಲು ಬೀಳುತ್ತದೆ.

ನಮ್ಮೂರ ಕಡೆಯ ಒಂದು ಕುಟುಂಬದಲ್ಲಿ ಆಗಿದ್ದು ಇದೇ. ಅಪ್ಪನಿಗೆ ಕಫ ಹಸಿರಾಗಿ ಒಂದು ವಾರ ಕಳೆದಿತ್ತು. ಬಿಲ್‌ಗೆ ಹೆದರಿದ ಮಗ ಜಿಪಿ (ಬಡಾವಣೆಯ ಸಾಮಾನ್ಯ ವೈದ್ಯರು) ಬಳಿಗೇ ಹೋಗಲಿಲ್ಲ. ಕೊನೆಗೆ ನಡುರಾತ್ರಿ ಆಂಬುಲೆನ್ಸ್, ಆಮ್ಲಜನಕ, ವಾರ್ಡು. ಬಿಲ್ ಬಂದ ದಿನ ಊರಿನ ಎರಡೆಕರೆ ಹೊಲಕ್ಕೆ ಎಷ್ಟು ಬರಬಹುದೆಂದು ಲೆಕ್ಕ ಹಾಕುತ್ತ ಕುಳಿತಿದ್ದರು. ಮಗ ಹೆದರಿದ ಆ ಜಿಪಿ ಬಾಗಿಲೇ ನಿಜವಾಗಿ ಪುಕ್ಕಟೆಯಾಗಿತ್ತು! ಮೂರು ತಿಂಗಳೊಳಗಿನ ವಾಸಕ್ಕೆ ತಾತ್ಕಾಲಿಕ ರೋಗಿ ಎಂದು ಹೆಸರು ಬರೆಸಬಹುದು. ವೀಸಾ ಕಾಗದ, ವಿಳಾಸದ ಪುರಾವೆ ಇಲ್ಲ ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಹಾಗೆ ನಿರಾಕರಿಸಿದರೆ ನಿಯಮ ತೋರಿಸಿ, ಸುಮ್ಮನೆ ಹಿಂದಿರುಗಬೇಡಿ. ಬಂದ ಮೊದಲ ವಾರವೇ ಈ ಕೆಲಸ ಮುಗಿಸಿ. ಜಿಪಿ ಮುಂದಕ್ಕೆ ಕಳುಹಿಸುವ ಆಹಾರತಜ್ಞರಿಗೆ, ಶ್ವಾಸಕೋಶದ ವ್ಯಾಯಾಮದ ತರಗತಿಗಳಿಗೆ ಮತ್ತೆ ಬಿಲ್ ಬರಬಹುದು, ಒಪ್ಪುವ ಮೊದಲು ಕೇಳಿ. ಆದರೆ ಕ್ಷಯಕ್ಕೆ ತಪಾಸಣೆ, ಚಿಕಿತ್ಸೆ ಎರಡೂ ಎಲ್ಲರಿಗೂ ಉಚಿತ. ಕಲ್ಲಿನ ದೂಳು ಕುಡಿದವರಿಗೆ ಕ್ಷಯ ಬರುವ ಸಂಭವ ಹೆಚ್ಚಾದ್ದರಿಂದ ಇದು ನೆನಪಿರಲಿ.

ಪ್ರಯಾಣ ವಿಮೆಯ ಅರ್ಜಿಯಲ್ಲಿ ಸಿಒಪಿಡಿ ಮುಚ್ಚಿಟ್ಟು "ಸ್ವಲ್ಪ ಕೆಮ್ಮು" ಎಂದು ಬರೆಸುವ ಏಜೆಂಟರಿದ್ದಾರೆ. ಆಸ್ಪತ್ರೆಯ ದಾಖಲೆಯಲ್ಲಿ ಹಳೆಯ ಕಾಯಿಲೆ ಕಂಡ ಕೂಡಲೇ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಪ್ರೀಮಿಯಂ ಹೆಚ್ಚಾದರೂ ನಿಜ ಬರೆದು, ಹಳೆಯ ಕಾಯಿಲೆಗೂ ಅನ್ವಯಿಸುವ ಪಾಲಿಸಿಯನ್ನೇ ಕೊಳ್ಳಿ.

ಇನ್ನು ತೂಕದ, ಊಟದ ವಿಷಯ. ನಮ್ಮಲ್ಲಿ ಸಂಜೆ ಹೊತ್ತಿಗೆ ಎದೆರೋಗ ತಜ್ಞರೇ ಸಿಗುತ್ತಾರೆ, ಎಕ್ಸರೇ ಅಂದೇ ಆಗುತ್ತದೆ. ಅಲ್ಲಿ ತಜ್ಞರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಈ ವಿಷಯದಲ್ಲಿ ಬಳ್ಳಾರಿಯೇ ಮೇಲು. ಆದರೆ ಮುದುಕರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಹಿಂದಿನ ತೂಕ ಕೇಳುವುದರಲ್ಲಿ ಅವರೇ ಮುಂದು. ಅಲ್ಲಿನ ನರ್ಸ್‌ಗಳು ಅಪೌಷ್ಟಿಕತೆ ಅಳೆಯಲು "ಮಸ್ಟ್" ಎಂಬ ಅಂಕಪದ್ಧತಿ ಬಳಸುತ್ತಾರೆ. ಐದಡಿ ಆರಿಂಚಿನ ಅಪ್ಪ ಆರು ತಿಂಗಳಲ್ಲಿ 60 ಕಿಲೋದಿಂದ 55ಕ್ಕೆ ಇಳಿದಿದ್ದರೆ, ತೂಕ ಶೇಕಡಾ 5ರಿಂದ 10ರೊಳಗೆ ಇಳಿದದ್ದಕ್ಕೆ ಒಂದು ಅಂಕ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 20ಕ್ಕಿಂತ ಕೆಳಗೆ ಬಂದದ್ದಕ್ಕೆ ಇನ್ನೊಂದು. ಎರಡಾದರೆ ಅಪೌಷ್ಟಿಕತೆಯ ಅಪಾಯ ಹೆಚ್ಚು ಎಂದರ್ಥ. "ವಯಸ್ಸಾಯಿತು, ಸೊರಗಿದ್ದಾರೆ" ಎಂದು ನಾವು ಸುಮ್ಮನಿರುವುದು ಇದನ್ನೇ. ಊರಲ್ಲಿದ್ದಾಗಿನ ತೂಕವನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ, ಅದಿಲ್ಲದೆ ಈ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಉಸಿರಾಡುವ ಕೆಲಸಕ್ಕೇ ಈ ರೋಗಿಗಳ ಮೈ ಹೆಚ್ಚು ಶಕ್ತಿ ಸುಡುತ್ತದೆ. ಹೊಟ್ಟೆ ಬಿರಿಯೆ ಉಂಡರೆ ವಪೆಗೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಜಾಗ ಸಾಲದೆ ಏದುಸಿರು ಬರುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಐದಾರು ಬಾರಿ ಉಣ್ಣಬೇಕು. ಮೊದಲು ಮನೆಯ ಊಟದಲ್ಲೇ ಪೌಷ್ಟಿಕತೆ ಹೆಚ್ಚಿಸಿ ಎನ್ನುತ್ತಾರೆ ಅಲ್ಲಿನವರು, ಪೌಷ್ಟಿಕ ಪಾನೀಯದ ಬಾಟಲಿ ಆಮೇಲೆ. ಒಂದು ಪಿಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚು) ಕೆನೆ ತೆಗೆಯದ ಹಾಲಿಗೆ ಎರಡರಿಂದ ನಾಲ್ಕು ದೊಡ್ಡ ಚಮಚ ಹಾಲಿನ ಪುಡಿ ಬೆರೆಸುವುದು ಅವರ ಮಾಮೂಲಿ ಸಲಹೆ. ಕರಪತ್ರದಲ್ಲಿ ಚೀಸ್, ಕ್ರೀಮ್ ಎಂದಿರುತ್ತದೆ. ನೀವು ತುಪ್ಪ, ಕೆನೆಮೊಸರು, ಶೇಂಗಾ ಚಟ್ನಿಪುಡಿ ಎಂದು ಓದಿಕೊಳ್ಳಿ. ಖಡಕ್ ರೊಟ್ಟಿ ಅಗಿಯುವಷ್ಟರಲ್ಲೇ ಸುಸ್ತಾಗುವವರಿಗೆ ಅದನ್ನು ಮುರಿದು ಅದೇ ಹಾಲಿನಲ್ಲಿ ನೆನೆಸಿ ಕೊಡಿ. ಸ್ಟೀರಾಯ್ಡ್ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಗೆ ಬಿಳಿ ಕೂತು ರುಚಿ ಕೆಡುತ್ತದೆ. ಶ್ರಾವಣದ ಒಪ್ಪತ್ತು ಈ ವರ್ಷ ಬೇಡ. ಸಕ್ಕರೆ ಕಾಯಿಲೆಯೂ ಇದ್ದರೆ ಪಥ್ಯವನ್ನು ನೀವೇ ಬದಲಿಸದೆ ಡಾಕ್ಟರರನ್ನು ಕೇಳಿ.

ಮಾತು ಅನುವಾದಿಸಲು ಮೊಮ್ಮಕ್ಕಳನ್ನು ಕೂರಿಸಬೇಡಿ. ದುಭಾಷಿ ಬೇಕೆಂದು ಮೊದಲೇ ಕೇಳಿಕೊಳ್ಳಿ. ಬೀಡಿ, ಕುಡಿತದ ಪ್ರಶ್ನೆ ಬಂದೇ ಬರುತ್ತದೆ, ಸೊಸೆ ಮೊಮ್ಮಕ್ಕಳ ಮುಂದೆ ಯಾವ ಮಾವನೂ ನಿಜ ಹೇಳುವುದಿಲ್ಲ. ಒಂದು ಮನೆಯಲ್ಲಿ ತಾತ "ಒಂದು ಕ್ವಾರ್ಟರ್ ಅಷ್ಟೇ" ಎಂದಾಗ ಹದಿಮೂರರ ಮೊಮ್ಮಗ ಅಲ್ಲೇ ಲೆಕ್ಕ ಹಾಕಿದ: 180 ಮಿಲಿಲೀಟರ್, ಶೇಕಡಾ 42.8 ಮದ್ಯಸಾರ, ಗುಣಿಸಿ ಸಾವಿರದಿಂದ ಭಾಗಿಸಿದರೆ ಹೆಚ್ಚುಕಡಿಮೆ 7.7 ಯೂನಿಟ್ (ಅಲ್ಲಿ ಮದ್ಯಸಾರ ಎಣಿಸುವ ಅಳತೆ). ಅಲ್ಲಿ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 14. ತಾತ ಅದನ್ನು ಎರಡೇ ದಿನದಲ್ಲಿ ಮುಗಿಸುತ್ತಿದ್ದರು! ಇದು ಶಾಲೆಯ ಪಾಠ. ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳಲ್ಲಿ 2020ರಿಂದ ಆರೋಗ್ಯ ಶಿಕ್ಷಣ ಕಡ್ಡಾಯ, ಮದ್ಯವೂ ಅದರೊಳಗಿದೆ. "ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ನಮ್ಮ ಮಗುವನ್ನು ಬಿಡಿ" ಎಂದು ಪತ್ರ ಬರೆಯುವ ತಂದೆತಾಯಿಗಳನ್ನು ಕಂಡಿದ್ದೇನೆ. ಬಿಡಿಸಿಕೊಳ್ಳುವ ಅವಕಾಶ ಲೈಂಗಿಕ ಶಿಕ್ಷಣಕ್ಕಿದೆ, ಇದಕ್ಕಿಲ್ಲ. ಇರಬಾರದು ಕೂಡ.

ದಿನವೂ ಕುಡಿಯುವವರು ವಾರ್ಡ್ ಸೇರಿ ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ನರ್ಸ್ ಮೊದಲ ರಾತ್ರಿಯೇ ಔಷಧ ಕೊಡಬೇಕಾದರೆ ಆ ಕ್ವಾರ್ಟರ್‌ನ ಲೆಕ್ಕ ಅವರ ಕಡತದಲ್ಲಿ ಇರಲೇಬೇಕು.