ಕುದುರೆಯನ್ನು ಎಮ್ಮೆಯ ಹಾಗೆ ಸಾಕಬೇಡಿ

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ಮಂಗಳವೇಢಾ ಕಡೆಯ ನಮ್ಮ ಮನೆಗಳಲ್ಲಿ ಮೊದಲು ಎಮ್ಮೆ ಇರುತ್ತದೆ, ಆಮೇಲೆ ಕುದುರೆ ಬರುತ್ತದೆ. ಎಡವಟ್ಟಾಗುವುದೂ ಅಲ್ಲೇ. ಎಮ್ಮೆಗೆ ಹಾಕಿದ್ದನ್ನೇ ಇದಕ್ಕೂ ಹಾಕುತ್ತಾರೆ, ಎಮ್ಮೆ ಈದಾಗ ಕಾದಷ್ಟೇ ಹೊತ್ತು ಇದಕ್ಕೂ ಕಾಯುತ್ತಾರೆ. ಕುದುರೆ ಮೆಲುಕು ಹಾಕುವುದಿಲ್ಲ, ತೇಗುವುದಿಲ್ಲ, ವಾಂತಿ ಮಾಡುವುದಂತೂ ಅದಕ್ಕೆ ಸಾಧ್ಯವೇ ಇಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ಹೊಸದಾಗಿ ಕುದುರೆ ಕಟ್ಟಿದವರು ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ರೋಗ ಬಾಗಿಲಿಗೇ ಬರುವುದಿಲ್ಲ.

ಮೊದಲು ಜೋಳದ ವಿಷಯ. ಚೆನ್ನಾಗಿ ಒಣಗಿ ಬಣವೆಯಲ್ಲಿ ಕೂತ ಹಿಂಗಾರಿ ಕಣಕಿಯನ್ನು, ಅಂದರೆ ಜೋಳದ ಒಣ ದಂಟನ್ನು, ಸಣ್ಣಗೆ ಕತ್ತರಿಸಿ ಕೊಟ್ಟರೆ ತೊಂದರೆಯಿಲ್ಲ. ಹಸಿ ಜೋಳ ಬೇಡವೇ ಬೇಡ. ಅದರಲ್ಲೂ ಕೊಯ್ಲಾದ ಮೇಲೆ ಕೂಳೆಯಿಂದ ಒಡೆಯುವ ಚಿಗುರು, ನೀರಿಲ್ಲದೆ ಬಾಡಿದ ಎಳೆ ಪೈರು ಬಲು ಕೆಟ್ಟವು. ಎಮ್ಮೆಗೂ ಅದು ವಿಷವೇ, ಆದರೆ ಕುದುರೆಗೆ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ವಾರಗಟ್ಟಲೆ ಮೇಯಿಸಿದರೆ ಮೂತ್ರ ಹನಿಹನಿಯಾಗಿ ಸೋರತೊಡಗುತ್ತದೆ, ಹಿಂಗಾಲು ತೂರಾಡುತ್ತವೆ, ಗಬ್ಬದ ಕುದುರೆಯಾದರೆ ಕಂದು ಹಾಕಬಹುದು ಅಥವಾ ಮರಿ ಸೊಟ್ಟ ಕೀಲುಗಳೊಂದಿಗೆ ಹುಟ್ಟಬಹುದು. ಬಾಲದ ಕೆಳಗೆ, ತೊಡೆಯ ಒಳಬದಿಯಲ್ಲಿ ಕೂದಲು ಯಾವಾಗಲೂ ಒದ್ದೆಯಿದ್ದರೆ ಅದೇ ಮೊದಲ ಸುಳಿವು. ಬೂಸ್ಟು ಹಿಡಿದ ಮೆಕ್ಕೆಜೋಳ, ಮಳೆಗೆ ನೆನೆದು ಕಪ್ಪಾದ ಕಣಕಿ ತಿಪ್ಪೆಗೆ ಹೋಗಲಿ. ‘ದನ ತಿನ್ನುತ್ತದಲ್ಲ’ ಎಂದು ಗೋದಲಿಗೆ ಸುರಿಯಬೇಡಿ. ಹರಳಿನ (ಔಡಲ) ಬೀಜವೂ ವಿಷ, ಅದು ಬಿದ್ದಿರುವ ಕಣದ ಮೂಲೆಯಲ್ಲೂ ಕುದುರೆ ಕಟ್ಟಬಾರದು.

ಮುನ್ನೂರೈವತ್ತು ಕಿಲೋ ತೂಗುವ ಕುದುರೆಗೆ ಒಣ ಲೆಕ್ಕದಲ್ಲಿ ದಿನಕ್ಕೆ 7ರಿಂದ 9 ಕಿಲೋ ಮೇವು ಬೇಕು. ಅದರಲ್ಲಿ ಬಹುಪಾಲು ನಾರಿನದೇ ಇರಲಿ. ಗಬ್ಬದ ಕೊನೆಯ ಮೂರು ತಿಂಗಳು ಕಾಳು ಒಂದೂವರೆಯಿಂದ ಎರಡೂವರೆ ಕಿಲೋ ತನಕ ಏರಿಸಿ, ಮೂರು ಹೊತ್ತಿಗೆ ಹಂಚಿ. ಒಂದೇ ಹೊತ್ತಿಗೆ ಒಂದೂವರೆ ಕಿಲೋ ದಾಟಬೇಡಿ. ನೆನೆಸಿದ ಕಡಲೆ, ಬೇಯಿಸಿದ ಹುರುಳಿ, ಒಡೆದ ಬಾರ್ಲಿ ಯಾವುದಾದರೂ ಸರಿ, ಆದರೆ ಬದಲಾಯಿಸುವಾಗ ಎಂಟು ಹತ್ತು ದಿನ ಹಿಡಿಯಬೇಕು. ಗೋಧಿ ಬೂಸಾ ನಮ್ಮಲ್ಲಿ ಬಲು ಪ್ರೀತಿ, ಬಕೆಟ್ಟುಗಟ್ಟಲೆ ಕೊಡುತ್ತಾರೆ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ತಿಂಗಳಾನುಗಟ್ಟಲೆ ಅದನ್ನೇ ತಿಂದ ಕುದುರೆಯ ಎಲುಬು ಸವೆದು, ದವಡೆ ಊದಿ, ಮುಖವೇ ದಪ್ಪಗಾಗುತ್ತದೆ. ಕಬ್ಬಿನ ತುದಿ, ನೇಪಿಯರ್ ಹುಲ್ಲು ಸುಣ್ಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹಾಗಾಗಿ ಬೂಸಾ ಒಂದು ಸೇರಿಗೆ ನಿಲ್ಲಲಿ, ಜೊತೆಗೆ ದಿನಕ್ಕೆ ನಾಲ್ಕೈದು ಕಿಲೋ ಹಸಿ ಕುದುರೆಮಸಾಲೆ (ಲೂಸರ್ನ್) ಸೊಪ್ಪು ಇರಲಿ. ಉಪ್ಪು ದಿನಕ್ಕೆ 30 ಗ್ರಾಂ, ಬೇಸಿಗೆಯಲ್ಲಿ 50. ನೀರು 30 ಲೀಟರಿಗೆ ಕಡಿಮೆಯಾಗಬಾರದು, ಮೊಲೆ ಕೊಡುವ ಕುದುರೆಗೆ ಚೈತ್ರ ವೈಶಾಖದಲ್ಲಿ ಅದರ ಎರಡು ಪಟ್ಟು ಬೇಕಾಗುತ್ತದೆ.

ಎರಡು ಡಬ್ಬಿಗಳನ್ನು ಲಾಯದ ಹತ್ತಿರವೇ ತರಬೇಡಿ. ಕೆಲವು ದನದ ಮತ್ತು ಕೋಳಿಯ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ದನಕ್ಕೆ ಒಗ್ಗುವ ಪ್ರಮಾಣವೇ ಕುದುರೆಯ ಹೃದಯವನ್ನು ಕೆಡಿಸಿಬಿಡುತ್ತದೆ, ಅದಕ್ಕೆ ಮರುಮದ್ದಿಲ್ಲ. ಎರಡನೆಯದು ಉಣ್ಣಿಗೆ ಎಮ್ಮೆಯ ಮೈಗೆ ಹಚ್ಚುವ ಅಮಿಟ್ರಾಜ್. ಕುದುರೆಗೆ ಹಚ್ಚಿದರೆ ಕರುಳಿನ ಚಲನೆ ನಿಂತು ಲದ್ದಿ ಕಟ್ಟಿಕೊಳ್ಳುತ್ತದೆ. ಎಮ್ಮೆಗೆ ಹಚ್ಚಿದ ಅದೇ ಬ್ರಷ್ಷನ್ನೂ ಬಳಸಬೇಡಿ.

ಹತ್ತಿಸಿದ ದಿನದಿಂದ ಈಯುವ ತನಕ ಸುಮಾರು 340 ದಿನ. 320ಕ್ಕೂ ಆಗಬಹುದು, 360 ದಾಟಿದರೂ ಗಾಬರಿ ಬೇಡ. ಪುಷ್ಯ ಮಾಘದಲ್ಲಿ ಈಯುವಂತೆ ಲೆಕ್ಕ ಹಾಕಿದರೆ ಮರಿ ಬಿಸಿಲು ಏರುವುದರೊಳಗೆ ಗಟ್ಟಿಯಾಗುತ್ತದೆ. ಈಯುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ತಾಯಿಗೆ ಧನುರ್ವಾಯುವಿನ ಲಸಿಕೆ ಹಾಕಿಸಿ, ಅದರ ಕಸುವು ಮರಿಗೆ ಹಾಲಿನಲ್ಲೇ ಇಳಿಯುತ್ತದೆ. ಅದೇ ಹೊತ್ತಿಗೆ ಈಯುವ ಜಾಗಕ್ಕೂ ತಂದು ಕಟ್ಟಿ, ಅಲ್ಲಿನ ಧೂಳಿಗೆ, ಸೂಕ್ಷ್ಮಜೀವಿಗೆ ಮೈ ಒಗ್ಗಲಿ. ಹನ್ನೆರಡು ಅಡಿ ಚೌಕ ಜಾಗ, ಮೊರಮಿನ ನೆಲ, ಮೇಲೆ ಗೇಣುದ್ದ ಗೋಧಿ ಹುಲ್ಲು. ಕಣಕಿ ಹಾಸಬೇಡಿ, ಅದರ ಚೂಪು ತುದಿ ಮರಿಯ ಕಣ್ಣಿಗೆ ತಾಗುತ್ತದೆ.

ಕೆಚ್ಚಲು ಎರಡು ಮೂರು ವಾರ ಮೊದಲೇ ತುಂಬತೊಡಗುತ್ತದೆ. ಬಾಲದ ಬುಡದ ಮಾಂಸ ಸಡಿಲಾಗಿ ತಗ್ಗು ಬೀಳುತ್ತದೆ. ಮೊಲೆತೊಟ್ಟಿನ ತುದಿಗೆ ಮೇಣದಂಥ ಹಳದಿ ಹನಿ ಕೂತಿತೆಂದರೆ ಒಂದರಿಂದ ನಾಲ್ಕು ದಿನದ ಮಾತು. ಹಾಲು ಧಾರೆಯಾಗಿ ಸೋರುತ್ತಿದ್ದರೆ ಸುಮ್ಮನೆ ನೋಡುತ್ತ ಕೂರಬೇಡಿ. ಶುದ್ಧ ಪಾತ್ರೆಯಲ್ಲಿ ಹಿಡಿದು ತಣ್ಣಗೆ ಇಟ್ಟುಕೊಳ್ಳಿ, ಅದು ಮರಿಯ ಪಾಲಿನ ಗಿಣ್ಣದ ಹಾಲು. ಹೆಚ್ಚಿನ ಕುದುರೆಗಳು ಈಯುವುದು ರಾತ್ರಿ, ಜನ ಸುಳಿದಾಡದ ಹೊತ್ತಿನಲ್ಲಿ. ಬಾಲಕ್ಕೆ ಬಟ್ಟೆ ಸುತ್ತಿ, ದೀಪ ಮಂದ ಮಾಡಿ, ದೂರ ಕೂತು ನೋಡಿ. ಪಶುವೈದ್ಯರ ನಂಬರು ಫೋನಿನಲ್ಲಿ ಮೇಲೆಯೇ ಇರಲಿ, ಅವರನ್ನು ಕರೆತರಲು ಗಾಡಿಗೆ ಒಬ್ಬರನ್ನು ಸಂಜೆಯೇ ಗೊತ್ತುಮಾಡಿರಿ.

ನೀರು ಒಡೆದ ಗಳಿಗೆಯನ್ನು ಗಡಿಯಾರ ನೋಡಿ ಗುರುತಿಟ್ಟುಕೊಳ್ಳಿ. ಎಮ್ಮೆಗೆ ಗಂಟೆಗಟ್ಟಲೆ ಕಾಯುತ್ತೀರಿ, ಇಲ್ಲಿ ಅರ್ಧ ಗಂಟೆಯೊಳಗೆ ಮರಿ ನೆಲಕ್ಕಿಳಿಯಬೇಕು. ಹತ್ತು ಹದಿನೈದು ನಿಮಿಷದಲ್ಲಿ ಏನೂ ಕಾಣದಿದ್ದರೆ ಫೋನು ಮಾಡಿ. ಸರಿಯಾದ ಹೆರಿಗೆಯಲ್ಲಿ ಮೊದಲು ಬಿಳಿಚಾದ ಹೊಳೆಯುವ ಚೀಲ, ಅದರೊಳಗೆ ಒಂದರ ಹಿಂದೊಂದು ಎರಡು ಮುಂಗಾಲು, ಗೊರಸಿನ ಅಡಿ ನೆಲದ ಕಡೆಗೆ, ಮೊಣಕಾಲಿನ ಮೇಲೆ ಮೂತಿ. ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ, ಒಂದೇ ಕಾಲು ಕಂಡರೆ, ಮೂತಿ ಇಲ್ಲದಿದ್ದರೆ ಕೈ ಹಾಕಿ ಎಳೆಯಬೇಡಿ. ಕುದುರೆಯನ್ನು ಎಬ್ಬಿಸಿ ನಡೆಸುತ್ತ ಡಾಕ್ಟರ ದಾರಿ ನೋಡಿ. ಒಂದೇ ಒಂದು ಸಂದರ್ಭದಲ್ಲಿ ಕಾಯುವ ಹಾಗಿಲ್ಲ. ಬಿಳಿ ಚೀಲದ ಬದಲು ಕೆಂಪು ಮಖಮಲ್ಲಿನಂಥದ್ದು ಹೊರಬಂದರೆ ಮಾಸು ಮೊದಲೇ ಕಳಚಿದೆ, ಒಳಗೆ ಮರಿಗೆ ಉಸಿರಿಲ್ಲ. ಕತ್ತರಿಯಿಂದ ಆ ಕ್ಷಣವೇ ಅದನ್ನು ಸೀಳಿ, ತಾಯಿ ತಿಣುಕುವಾಗ ಮರಿಯನ್ನು ಎಳೆದುಕೊಳ್ಳಿ.

ಮರಿ ಬಿದ್ದ ಮೇಲೆ ತಾಯಿ ಹಾಗೇ ಮಲಗಿರಲಿ. ಹೊಕ್ಕುಳಬಳ್ಳಿ ಕತ್ತರಿಸಬೇಡಿ, ಅವೆರಡರಲ್ಲಿ ಒಂದು ಎದ್ದಾಗ ತಾನೇ ಹರಿಯುತ್ತದೆ. ಹೊಕ್ಕುಳಿಗೆ ಅರಿಸಿನ, ಬೂದಿ, ಸಗಣಿ ಯಾವುದೂ ಬೇಡ. ಸೋಂಕುನಾಶಕವಾದ ಎರಡು ಪರ್ಸೆಂಟಿನ ಕ್ಲೋರ್‌ಹೆಕ್ಸಿಡಿನ್ ಒಂದು ಪಾಲಿಗೆ ಕುದಿಸಿ ಆರಿಸಿದ ನೀರು ಮೂರು ಪಾಲು ಬೆರೆಸಿ, ಸಣ್ಣ ಬಟ್ಟಲಲ್ಲಿ ಹೊಕ್ಕುಳನ್ನು ಅದ್ದಿ, ಹೀಗೆ ಮೂರು ದಿನ ದಿನಕ್ಕೆರಡು ಸಲ. ಇಲ್ಲಿ ಸೋಮಾರಿತನ ಮಾಡಿದರೆ ವಾರ ಎರಡು ವಾರದಲ್ಲಿ ಮರಿಯ ಕೀಲು ಬಾತು ಕುಂಟುತ್ತದೆ. ಅದು ಉಳುಕಲ್ಲ, ಹೊಕ್ಕುಳಿನಿಂದ ರಕ್ತಕ್ಕೆ ಇಳಿದ ಸೋಂಕು.

ಒಂದು ಗಂಟೆಯಲ್ಲಿ ಏಳಬೇಕು, ಎರಡು ಗಂಟೆಯಲ್ಲಿ ಮೊಲೆ ಹಿಡಿಯಬೇಕು, ಮೂರು ಗಂಟೆಯಲ್ಲಿ ಮಾಸು ಬೀಳಬೇಕು. ಮಾಸಿಗೆ ಕಲ್ಲು ಕಟ್ಟುವುದು, ಎಳೆಯುವುದು ಬೇಡ, ಕಾಲಿಗೆ ತೊಡಕದಂತೆ ಗಂಟು ಹಾಕಿ ಬಿಡಿ. ಎಮ್ಮೆಗೆ ಮರುದಿನದ ತನಕ ಕಾದರೂ ನಡೆದೀತು. ಕುದುರೆಗೆ ಮೂರು ಗಂಟೆ ದಾಟಿದರೆ ಗರ್ಭಚೀಲದಲ್ಲಿ ನಂಜಾಗಿ, ಅದು ಗೊರಸಿಗಿಳಿದು, ಕುದುರೆ ಜೀವನಪೂರ್ತಿ ಕುಂಟಬಹುದು. ಬಿದ್ದ ಮಾಸನ್ನು ನೆಲದ ಮೇಲೆ ಹರಡಿ ನೋಡಿ. ಅದಕ್ಕೆ ಕೊಂಬಿನಂಥ ಎರಡು ಕವಲುಗಳಿರುತ್ತವೆ, ಎರಡರ ತುದಿಗಳೂ ಇಡಿಯಾಗಿರಬೇಕು. ಸಣ್ಣ ಕೊಂಬಿನ ತುದಿ ಒಳಗೇ ಉಳಿಯುವುದು ಹೆಚ್ಚು. ಆಮೇಲೆ ನಾಯಿ ಕೆದರದಷ್ಟು ಆಳಕ್ಕೆ ಹುಗಿಯಿರಿ.

ಕುದುರೆಮರಿ ರೋಗ ತಡೆಯುವ ಶಕ್ತಿಯನ್ನು ಹೊಟ್ಟೆಯಲ್ಲಿದ್ದಾಗ ಪಡೆಯುವುದಿಲ್ಲ, ಮೊದಲ ಹಾಲಿನಿಂದಲೇ ಪಡೆಯಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರುವುದನ್ನು ನಿಲ್ಲಿಸಿಬಿಡುತ್ತದೆ. ಮರಿ ಕುಡಿಯುತ್ತಿದೆಯೋ ಇಲ್ಲವೋ ತಿಳಿಯಲು ಕೆಚ್ಚಲು ನೋಡಿ. ಬಿಗಿದು ಹಾಲು ಸೋರುತ್ತಿದ್ದು, ಮರಿಯ ಹಣೆ ಹಾಲಿನಿಂದ ಅಂಟಂಟಾಗಿದ್ದರೆ ಅದು ಕೆಚ್ಚಲ ಕೆಳಗೆ ನಿಲ್ಲುತ್ತಿದೆ ಅಷ್ಟೇ, ಕುಡಿಯುತ್ತಿಲ್ಲ. ಅದು ಮಧ್ಯಾಹ್ನದ ತನಕ ಕಾಯುವ ರೋಗವಲ್ಲ. ಮೊದಲ ಕಪ್ಪು ಲದ್ದಿ ಇಪ್ಪತ್ನಾಲ್ಕು ಗಂಟೆಯೊಳಗೆ ಹೋಗಬೇಕು. ಬಾಲ ಎತ್ತಿ ಎತ್ತಿ ತಿಣುಕುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಏಳರಿಂದ ಹನ್ನೆರಡನೇ ದಿನದೊಳಗೆ ಬರುವ ತೆಳು ಭೇದಿ ಸಾಮಾನ್ಯ. ಮರಿ ಚುರುಕಾಗಿ ಮೊಲೆ ಕುಡಿಯುತ್ತಿದ್ದರೆ ಹಿಂಭಾಗ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಿರಿ. ತಾಯಿಯ ಲದ್ದಿ ತಿನ್ನುವುದೂ ರೋಗವಲ್ಲ, ಹೊಡೆದು ಬಿಡಿಸಬೇಡಿ. ಒಂಬತ್ತನೇ ದಿನದ ಬೆದೆಗೇ ತಾಯಿಯನ್ನು ಹತ್ತಿಸುವ ರೂಢಿಯಿದೆ. ಹೆರಿಗೆ ಕಷ್ಟವಾಗಿದ್ದರೆ, ಮಾಸು ತಡವಾಗಿದ್ದರೆ ಮುಂದಿನ ಬೆದೆಯ ತನಕ ತಡೆಯಿರಿ.

ಮರಿಯ ಶಿಕ್ಷಣ ಮೊದಲ ತಿಂಗಳಲ್ಲೇ ಆರಂಭ. ದಿನಕ್ಕೆ ಐದು ನಿಮಿಷ ಸಾಕು. ಮೈ ಸವರುವುದು, ಕಿವಿ ಮುಟ್ಟುವುದು, ಒಂದೊಂದೇ ಕಾಲು ಎತ್ತಿ ಇಳಿಸುವುದು. ಮುದ್ದಿಗೆ ಬೆಲ್ಲ ತಿನ್ನಿಸಿ, ಎದೆಯ ಮೇಲೆ ಕಾಲಿಡುವ ಆಟ ಕಲಿಸಿದರೆ ಮೂವತ್ತು ಕಿಲೋ ಇದ್ದಾಗ ನಗು, ಮುನ್ನೂರು ಕಿಲೋ ಆದಾಗ ಆಸ್ಪತ್ರೆ. ಮೂರನೇ ತಿಂಗಳಿಂದ ಗೊರಸನ್ನು ಐದಾರು ವಾರಕ್ಕೊಮ್ಮೆ ಲಾಳ ಹೊಡೆಯುವ ನಾಲಬಂದನಿಂದ ಕೆತ್ತಿಸಿ, ಸೊಟ್ಟ ಕಾಲು ತಿದ್ದುವ ಕಾಲ ಅದೇ. ಆರನೇ ತಿಂಗಳಿಗೆ ಮೊಲೆ ಬಿಡಿಸಿ. ಗಂಡು ಮರಿಯನ್ನು ವರ್ಷದೊಳಗೆ ಬೇರೆ ಕಟ್ಟಿ, ಇಲ್ಲದಿದ್ದರೆ ತಾಯಿಯ ಮೇಲೇ ಹತ್ತುತ್ತದೆ. ಅಕಲೂಜ ಬಜಾರಿಗೋ ಸಾರಂಗಖೇಡಾ ಜಾತ್ರೆಗೋ ಒಯ್ಯುವ ಮುಂಚೆ ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆ ಮಾಡಿಸಿ, ಕೊಂಡು ತಂದದ್ದನ್ನು ಎರಡು ಮೂರು ವಾರ ದೂರ ಕಟ್ಟಿ. ಆ ರೋಗ ಮನುಷ್ಯರಿಗೂ ಅಂಟುತ್ತದೆ.

ಎರಡು ವರ್ಷದ ಮರಿಯ ಮೇಲೆ ಹುಡುಗರು ಕೂರುವುದನ್ನು ಈ ಸೀಮೆಯಲ್ಲಿ ಎಲ್ಲೆಡೆ ಕಾಣಬಹುದು. ಎತ್ತರ ಬಂದಿರುತ್ತದೆ, ಎಲುಬು ಬಲಿತಿರುವುದಿಲ್ಲ. ಮೊಣಕಾಲಿನ ಎಲುಬು ಕೂಡಲು ಎರಡೂವರೆ ವರ್ಷ ಬೇಕು, ಬೆನ್ನಿನದಕ್ಕೆ ಐದು ದಾಟಬೇಕು. ಮೂರು ತುಂಬುವ ತನಕ ಬೆನ್ನು ಖಾಲಿ ಇರಲಿ. ಅಲ್ಲಿಯವರೆಗೆ ಕೆಳಗಿನಿಂದಲೇ ಕಲಿಸುವುದು ಬೇಕಾದಷ್ಟಿದೆ. ಎರಡು ದಾಟಿದ ಮೇಲೆ ಉದ್ದ ಹಗ್ಗದಲ್ಲಿ ಅರವತ್ತು ಅಡಿ ಅಗಲದ ಸುತ್ತಿನಲ್ಲಿ, ಎಡಕ್ಕೆ ಐದು ನಿಮಿಷ, ಬಲಕ್ಕೆ ಐದು ನಿಮಿಷ, ನಡಿಗೆ ಮತ್ತು ದುಲ್ಕಿ (ಸಣ್ಣ ಓಟ) ಮಾತ್ರ. ಉತ್ತ ಹೊಲದಲ್ಲಿ ಬೇಡ, ನರ ಎಳೆಯುತ್ತದೆ. ನಿಲ್ಲಲು ಒಂದು ಮಾತು, ನಡೆಯಲು ಒಂದು ಮಾತು, ಮನೆಯವರೆಲ್ಲರೂ ಅದನ್ನೇ ಹೇಳಬೇಕು. ಅಪ್ಪ ‘ಹೋ’ ಎಂದರೆ ಮಗ ‘ರುಕ್’ ಎನ್ನುವ ಮನೆಯಲ್ಲಿ ಕುದುರೆ ಯಾರ ಮಾತನ್ನೂ ಕೇಳುವುದಿಲ್ಲ.

ಜೀನು ಹಾಕುವ ಮೊದಲು ಒಂದು ವಾರ ಬರೀ ಕಂಬಳಿ ಹಾಕಿ ತೆಗೆಯಿರಿ. ನಂತರ ರಿಕಾಪು (ಕಾಲಿಡುವ ಬಳೆ) ಬಿಚ್ಚಿದ ಜೀನು. ತಂಗವನ್ನು, ಅಂದರೆ ಹೊಟ್ಟೆಯ ಪಟ್ಟಿಯನ್ನು, ಒಮ್ಮೆಗೇ ಬಿಗಿಯಬೇಡಿ. ಒಂದು ರಂಧ್ರ ಬಿಗಿದು ಹತ್ತು ಹೆಜ್ಜೆ ನಡೆಸಿ, ಮತ್ತೊಂದು ರಂಧ್ರ ಬಿಗಿದು ಮತ್ತೆ ನಡೆಸಿ. ಮೊದಲ ದಿನವೇ ಬಿಗಿದ ಕುದುರೆ ಜೀನು ಕಂಡರೆ ಹೊಟ್ಟೆ ಉಬ್ಬಿಸಿ ಕಚ್ಚಲು ಬರುವುದನ್ನು ಮುಂದೆ ಬಿಡುವುದಿಲ್ಲ. ಕಡಿವಾಣ ಹಾಕುವ ಮುಂಚೆ ಬಾಯಿ ತೋರಿಸಿ. ದವಡೆ ಹಲ್ಲಿನ ಮುಂದೆ ಸಣ್ಣ ಮೊಳೆಯಂಥ ಹಲ್ಲಿದ್ದರೆ ಕಡಿವಾಣ ಅದಕ್ಕೇ ಬಡಿಯುತ್ತದೆ, ಕೀಳಿಸಬೇಕು. ಎರಡೂವರೆಯಿಂದ ನಾಲ್ಕೂವರೆ ವರ್ಷದ ತನಕ ಹಾಲುಹಲ್ಲು ಬೀಳುತ್ತಿರುತ್ತವೆ, ಆಗ ತಲೆ ಝಾಡಿಸುವುದು ಹಟದಿಂದಲ್ಲ, ನೋವಿನಿಂದ. ಮುಳ್ಳಿನ ಕಡಿವಾಣ ಕಾನೂನಿನಲ್ಲೇ ನಿಷಿದ್ಧ, ಸಂತೆಯಲ್ಲಿ ಸಿಗುತ್ತದೆಂದು ಕೊಳ್ಳಬೇಡಿ.

ಮೊದಲ ಸವಾರಿಗೆ ಇಬ್ಬರು ಬೇಕು, ಒಬ್ಬರು ತಲೆ ಹಿಡಿಯಲು. ಹಗುರ ಮೈಯವರು ಜೀನಿನ ಮೇಲೆ ಹೊಟ್ಟೆ ಅಡ್ಡ ಹಾಕಿ ಒಂದು ನಿಮಿಷ ಇದ್ದು ಇಳಿಯಲಿ. ಹೀಗೆ ಎರಡೂ ಬದಿಯಿಂದ ನಾಲ್ಕೈದು ದಿನ. ಕುದುರೆ ಉಸಿರು ಬಿಗಿ ಹಿಡಿಯುವುದು ನಿಂತ ದಿನ ಕಾಲು ದಾಟಿಸಿ ಕೂತು, ಹತ್ತು ನಿಮಿಷ ನಡಿಗೆ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲು ಮೀರಬಾರದು. ಮುನ್ನೂರೈವತ್ತು ಕಿಲೋ ಕುದುರೆಗೆ ಎಪ್ಪತ್ತು ಕಿಲೋ, ಅಷ್ಟೇ. ದೌಡಿನ ಮಾತು ಮೂರು ತಿಂಗಳಾದ ಮೇಲೆ.

ಪಂಢರಪುರಕ್ಕೆ ನಡೆಯುವ ಆಷಾಢ ವಾರಿಯ ರಿಂಗಣದಲ್ಲಿ, ಅಂದರೆ ಕುದುರೆಯನ್ನು ಸುತ್ತು ಓಡಿಸುವ ಆಚರಣೆಯಲ್ಲಿ, ಸಾವಿರಾರು ಜನರ ನಡುವೆ ಕುದುರೆ ಬೆದರದೆ ಓಡುವುದನ್ನು ನೋಡಿ ನಮ್ಮದೂ ಹಾಗಾಗಲಿ ಎಂದು ಆಸೆಪಡುವವರು ಬಹಳ. ಸದ್ದಿಗೆ ಒಗ್ಗಿಸುವುದು ಹೀಗೆ: ಕುದುರೆ ಮೇವು ತಿನ್ನುವಾಗ ನೂರು ಹೆಜ್ಜೆ ದೂರದಲ್ಲಿ ಹಲಗೆ ವಾದ್ಯ ಬಡಿಯಿರಿ. ಬಾಯಿ ಆಡುತ್ತಲೇ ಇದ್ದರೆ ಮರುದಿನ ಹತ್ತು ಹೆಜ್ಜೆ ಹತ್ತಿರ, ಮೇವು ಬಿಟ್ಟು ತಲೆ ಎತ್ತಿದರೆ ಇಪ್ಪತ್ತು ಹೆಜ್ಜೆ ಹಿಂದಕ್ಕೆ. ಮದುವೆ ಸೀಸನ್ನಿಗೆ ಕೇಳಿಕೊಂಡು ಬಂದವರಿಗೆ ಈ ಪಾಠ ಮುಗಿಯದ ಕುದುರೆಯನ್ನು ಕೊಡಬೇಡಿ. ಕೊಟ್ಟರೂ ಡಿಜೆ ಪೆಟ್ಟಿಗೆಯ ಮುಂದೆ ನಿಲ್ಲಿಸುವುದಿಲ್ಲವೆಂದು ಮೊದಲೇ ಮಾತಾಡಿಕೊಳ್ಳಿ, ನೀರಿನ ಬಕೆಟ್ಟು ಜೊತೆಗೇ ಕಳಿಸಿ.